ಗಿಂಡಿ ಹಿಡಿಯದ ಕೈ

ಹನಿ ಅಳೆಯುವ ಗಾಜಿನ ಕೊಳವೆ, ಬ್ಯುರೆಟ್ಟಿನ ತಿರುಪನ್ನು ಮುಚ್ಚುವಷ್ಟರಲ್ಲಿ ಎರಡು ಹನಿ ಹೆಚ್ಚು ಬಿದ್ದಿದ್ದವು. ಕೆಳಗಿನ ಫ್ಲಾಸ್ಕಿನಲ್ಲಿದ್ದ ದ್ರವ ಉಗುರಿನಂಥ ತಿಳಿಗುಲಾಬಿಗೆ ಬಂದು ನಿಲ್ಲಬೇಕಿತ್ತು, ದಾಸವಾಳದ ಬಣ್ಣಕ್ಕೆ ಹೋಗಿತ್ತು. ನಮ್ಮ ಕೆಲಸದಲ್ಲಿ ಆ ತಿಳಿಗುಲಾಬಿ ಮೂಡುವ ಹನಿಯೇ ಎಲ್ಲ. ಅದು ದಾಟಿದರೆ ಚೆಲ್ಲಿ ಮೊದಲಿನಿಂದ ಮಾಡಬೇಕು. ನಾನು ಚೆಲ್ಲಿದೆ, ಮತ್ತೆ ಮಾಡಿದೆ. ಮತ್ತೆ ದಾಸವಾಳ.

ಇದು ನವಿ ಮುಂಬಯಿಯ ತುರ್ಭೆಯಲ್ಲಿ, ಔಷಧಿಗಳ ಕಚ್ಚಾವಸ್ತು ತಯಾರಿಸುವ ಒಂದು ಕಂಪನಿಯ ಲ್ಯಾಬಿನಲ್ಲಿ. ಎರಡು ಸಾವಿರದ ಹತ್ತರ ಆಸುಪಾಸು. ನನಗೆ ಆಗ ಮೂವತ್ತಮೂರು ವರ್ಷ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಂದಿನಿಂದ ಸಂಶಯಪಡುವುದೇ ನನ್ನ ಉದ್ಯೋಗ. ಬಂದ ಮಾಲು ಅದರ ಚೀಟಿಯಲ್ಲಿ ಬರೆದಷ್ಟು ಶುದ್ಧವಾಗಿದೆ ಎಂದು ನಂಬದೆ ಇರುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹಾಗಾಗಿ ಮೊದಲು ಬ್ಯುರೆಟ್ಟಿನ ಮೇಲೆ ಸಂಶಯಪಟ್ಟೆ. ಬೇರೆ ಬ್ಯುರೆಟ್ಟು ತಂದೆ. ಆಮೇಲೆ ಕೈಗವಸಿನ ಮೇಲೆ, ಆಮೇಲೆ ಕಣ್ಣಿನ ಮೇಲೆ. ಎಲ್ಲ ಮುಗಿದ ಮೇಲೆ ಗವಸು ತೆಗೆದು ಬೆರಳು ನೋಡಿದೆ. ಬಲಗೈಯ ತೋರುಬೆರಳಿನ ತುದಿಯ ಗೆಣ್ಣು ಕೆಂಪಗೆ ಉಬ್ಬಿತ್ತು. ಮುಟ್ಟಿದರೆ ಬಿಸಿ ಇತ್ತು, ಆ ಒಂದು ಗೆಣ್ಣಿಗೆ ಮಾತ್ರ ಜ್ವರ ಬಂದಂತೆ.

ಯಾರಿಗೂ ಹೇಳಲಿಲ್ಲ. ಹೇಳುವ ಸ್ವಭಾವವೂ ನನ್ನದಲ್ಲ.

ಹೇಳದಿದ್ದರೂ ಕೈ ತಾನೇ ಹೇಳತೊಡಗಿತು. ಲ್ಯಾಬ್‌ಕೋಟಿನ ಗುಂಡಿ ಹಾಕಲು ಬಾತ್‌ರೂಮಿಗೆ ಹೋಗುತ್ತಿದ್ದೆ, ಯಾರೂ ನೋಡಬಾರದೆಂದು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದೆ. ಮೊಬೈಲಿನ ಸಣ್ಣ ಗುಂಡಿಗಳನ್ನು ನಡುಗೆಣ್ಣಿನಿಂದ ಒತ್ತುತ್ತಿದ್ದೆ. ಬೆಳಿಗ್ಗೆ ನಾವಿರುವ ಡೊಂಬಿವಲಿಯಿಂದ ಠಾಣೆ ಪಟ್ಟಣಕ್ಕೆ ಬರುವ ಲೋಕಲ್‌ನಲ್ಲಿ ಮೇಲಿನ ಹಿಡಿಗೆ ಬೆರಳು ಸುತ್ತಿಸಲಾಗದೆ ಮಣಿಕಟ್ಟನ್ನೇ ಅದರೊಳಗೆ ತೂರಿಸಿ ನಿಲ್ಲುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ನಮ್ಮ ಗುಂಪಿನ ಹೆಂಗಸರು ಬಟಾಣಿ ಬಿಡಿಸುತ್ತಾ ಹೋಗುವುದು ರೂಢಿ. ಒಂದು ದಿನ ನನ್ನ ಮಡಿಲಿಗೂ ಒಂದು ಮುಷ್ಟಿ ಹಾಕಿದರು. ಎರಡು ಸಿಪ್ಪೆ ಬಿಡಿಸುವಷ್ಟರಲ್ಲಿ ಕಣ್ಣಲ್ಲಿ ನೀರು. "ಕಾಯ್ ಝಾಲಂ ಗಂ?" ಏನಾಯಿತೇ ಎಂದು ಕೇಳಿದವಳಿಗೆ ಧೂಳು ಎಂದೆ. ಅವಳು ನಂಬಲಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ಆದರೆ ಮರುದಿನದಿಂದ ನನ್ನ ಮಡಿಲಿಗೆ ಬಟಾಣಿ ಬೀಳಲಿಲ್ಲ. ಆ ಕಾಲದ ಸಣ್ಣ ದಯೆಗಳಲ್ಲಿ ಅದೊಂದು.

ಮನೆಯಲ್ಲಿ ನನ್ನ ಗಂಡ ರಘು ಕೇಳದೆಯೇ ಬಾಟಲಿಗಳ ಮುಚ್ಚಳ ಸಡಿಲಿಸಿ ಇಡತೊಡಗಿದ. ಅವನ ಮೇಲೂ ನನಗೆ ಸಂಶಯ ಬಂತು. ಇವನು ಎಷ್ಟು ದಿನದಿಂದ ನೋಡುತ್ತಿದ್ದಾನೆ, ನೋಡಿ ಏನು ಅಂದುಕೊಂಡಿದ್ದಾನೆ.

ಠಾಣೆಯ ಮೂಳೆ ಡಾಕ್ಟರರ ಕ್ಲಿನಿಕ್ಕಿನ ಹೊರಗೆ ಕಾಯುವ ಬೆಂಚಿನಲ್ಲಿ ಒಂದು ವಿಷಯ ಗಮನಿಸಿದೆ. ಸೊಂಟ ನೋವಿನವರು ಸೊಂಟ ಹಿಡಿದು ಕೂತಿರುತ್ತಾರೆ, ಮೊಣಕಾಲಿನವರು ಮೊಣಕಾಲು ಉಜ್ಜುತ್ತಿರುತ್ತಾರೆ. ಬೆರಳಿನವರು ಮಾತ್ರ ಕೈಯನ್ನು ಸೆರಗಿನಲ್ಲೋ ದುಪಟ್ಟಾದಲ್ಲೋ ಮುಚ್ಚಿಕೊಂಡಿರುತ್ತಾರೆ. ನಾನೂ ಹಾಗೆಯೇ ಕೂತಿದ್ದೆ.

ರಕ್ತ ಪರೀಕ್ಷೆಯಾಯಿತು. ಸಂಧಿವಾತದ ಗುರುತು ಅದರಲ್ಲಿ ಸಿಗಲಿಲ್ಲ. ಒಂದು ಸಲ ಬಂದ ಫಲಿತಾಂಶವನ್ನು ನಾವು ಫಲಿತಾಂಶ ಎನ್ನುವುದಿಲ್ಲವಾದ್ದರಿಂದ, ಡಾಕ್ಟರಿಗೆ ಹೇಳದೆ ಕಲ್ಯಾಣದ ಬೇರೆ ಕಡೆ ಇನ್ನೊಮ್ಮೆ ಮಾಡಿಸಿದೆ. ಅಲ್ಲಿಯೂ ಸಿಗಲಿಲ್ಲ. ಎರಡು ಕಾಗದವನ್ನೂ ಡಾಕ್ಟರರ ಮುಂದಿಟ್ಟೆ.

"ನೆಗೆಟಿವ್ ಹೈ, ತೋ ಭೀ ಹೋ ಸಕ್ತಾ ಹೈ ಮೇಡಂ," ಎಂದರು ಅವರು.

"ಔರ್ ಪಾಸಿಟಿವ್ ಆತಾ ತೋ?"

"ತೋ ಪಕ್ಕಾ ಹೋತಾ."

ಗುರುತು ಇದ್ದರೂ ಅದೇ ಕಾಯಿಲೆ, ಇಲ್ಲದಿದ್ದರೂ ಅದೇ ಕಾಯಿಲೆ. ಎರಡೂ ದಾರಿ ಒಂದೇ ಬಾಗಿಲಿಗೆ ಹೋಗುವ ಪರೀಕ್ಷೆಯನ್ನು ನಾನು ನನ್ನ ಲ್ಯಾಬಿನಲ್ಲಿ ಒಪ್ಪುತ್ತಿರಲಿಲ್ಲ. ಆದರೆ ಅಲ್ಲಿ ನಾನು ರೋಗಿ. ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದು ಕಾಣುತ್ತಿದೆ, ಇಷ್ಟು ಚಿಕ್ಕ ವಯಸ್ಸಿಗೆ ಮೂಳೆ ಸವೆದಿದೆ ಎಂದರೆ ಸಂಧಿವಾತವೇ, ತಡಮಾಡಿದರೆ ಕೈ ಹೋಗುತ್ತದೆ ಎಂದು ಅವರು ಹೇಳಿದರು. ವಾರಕ್ಕೊಮ್ಮೆ, ಭಾನುವಾರ, ಹಳದಿ ಬಣ್ಣದ ಸಣ್ಣ ಮಾತ್ರೆ. ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆ. ಎದ್ದು ಬರುವಾಗ, ಮರೆತದ್ದು ನೆನಪಾದಂತೆ ಕೇಳಿದರು:

"ಬಚ್ಚೇ ಕಾ ಪ್ಲಾನ್ ತೋ ನಹೀಂ ಹೈ ನಾ? ಯೇ ದವಾ ಚಲ್ತೀ ಹೈ ತಬ್ ತಕ್ ನಹೀಂ. ಬಂದ್ ಕರ್ನೇ ಕೇ ಬಾದ್ ಭೀ ಕುಛ್ ಮಹೀನೇ ನಹೀಂ."

ಮಾತ್ರೆ ನಡೆಯುವಷ್ಟು ದಿನ, ನಿಲ್ಲಿಸಿದ ಮೇಲೂ ಕೆಲವು ತಿಂಗಳು, ಮಗು ಕೂಡದು. ಅಂಥ ಯೋಚನೆ ಇಲ್ಲ ಎಂದು ನಾನು ತಲೆಯಾಡಿಸಿದೆ.

ಅದು ಸುಳ್ಳು. ಮದುವೆಯಾಗಿ ಮೂರು ವರ್ಷವಾಗಿತ್ತು, ಮಗು ಬೇಕೆಂದು ನಾನೂ ರಘುವೂ ನಿರ್ಧರಿಸಿದ್ದೆವು, ಆಗಲೇ ತಡವಾಗಿದೆ ಎಂದೂ ಗೊತ್ತಿತ್ತು. ಈ ವಿಷಯ ನಮ್ಮಿಬ್ಬರ ಹೊರತು ಯಾರಿಗೂ ತಿಳಿದಿರಲಿಲ್ಲ. ನನ್ನ ಅಮ್ಮನಿಗೂ ಇಲ್ಲ. ಆ ರಾತ್ರಿ ರಘು ಒಂದೇ ಮಾತು ಹೇಳಿದ, "ಮೊದಲು ಕೈ." ಮಾತ್ರೆ ಶುರುಮಾಡಿದೆ. ಸೋಮವಾರಗಳೆಲ್ಲ ಹೊಟ್ಟೆ ತೊಳಸುತ್ತಾ ಕಳೆದವು. ಬೆರಳಿನ ಊತ ಇಳಿಯಲಿಲ್ಲ, ಪಕ್ಕದ ಬೆರಳಿಗೂ ಬಂತು. ಕೆಲಸ ಮಾಡದ ಔಷಧಿಯೊಂದಕ್ಕೆ ನಾನು ಒಂದು ಮಗುವಿನ ವರ್ಷಗಳನ್ನು ಕೊಡುತ್ತಿದ್ದೇನೆ ಎಂಬ ಸಂಶಯ ಅಲ್ಲಿಂದ ಶುರುವಾಯಿತು.

ಇಲ್ಲಿ ಅಮ್ಮನ ಮನೆಯ ವಿಷಯ ಹೇಳಬೇಕು. ನಮ್ಮ ಮನೆಯಿಂದ ಎರಡು ಗಲ್ಲಿ ದಾಟಿದರೆ ಅಮ್ಮನ ಮನೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಮ್ಮ ಮತ್ತು ಅಪ್ಪನ ಅಮ್ಮ, ನನ್ನ ಅಜ್ಜಿ, ಇಬ್ಬರೇ. ಅಮ್ಮ ಅಜ್ಜಿಯನ್ನು ಮಾಮಿ ಎಂದು ಕರೆಯುತ್ತಾಳೆ, ತುಳುವಿನಲ್ಲಿ ಅತ್ತೆ ಎಂದರ್ಥ. ಕರೆಯುತ್ತಾಳೆ ಎಂದರೂ ತಪ್ಪೇ. ಬೇಕಾದಷ್ಟು ಮಾತ್ರ ಮಾತು. ಚಹಾ ಮಾಡಿ, ಮುಚ್ಚಳ ಮುಚ್ಚಿ, ಅಜ್ಜಿಯ ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗೆ ಹೋಗುತ್ತಾಳೆ. ಊಟ ಕೂಡ ಬೇರೆ ಬೇರೆ ಹೊತ್ತಿಗೆ.

ಇದರ ಕಾರಣ ನನಗೆ ಚಿಕ್ಕಂದಿನಿಂದ ಬಾಯಿಪಾಠ. ಅಪ್ಪನಿಗೆ ಠಾಣೆಯ ಫ್ಯಾಕ್ಟರಿಗಳ ವಾಗ್ಳೆ ಎಸ್ಟೇಟಿನಲ್ಲಿ ಕ್ಯಾಂಟೀನ್ ಇತ್ತು. ಹಿಂದಿನ ಕೋಣೆಯಲ್ಲೇ ಸಂಸಾರ. ಫ್ಯಾಕ್ಟರಿಯ ಮೊದಲ ಪಾಳಿಯವರಿಗೆ ಇಡ್ಲಿ ಬೇಕೆಂದು ಅಮ್ಮ ಮದುವೆಯಾಗಿ ಬಂದಂದಿನಿಂದ ಅಜ್ಜಿಯ ಜೊತೆ ಕಡೆಯುವ ಕಲ್ಲಿನ ಮುಂದೆ ಕೂತವಳು. ನಾನು ಪ್ರೈಮರಿಯಲ್ಲಿದ್ದಾಗ ಅಮ್ಮನ ಬೆರಳುಗಳು ಊದಿದವು. ಆಮೇಲೆ ಗಂಟಾದವು, ಸೊಟ್ಟಗಾದವು. "ನಿನ್ನ ಅಜ್ಜಿ ಕಲ್ಲಿನಲ್ಲಿ ಹಾಕಿ ಕಡೆದದ್ದು ಅಕ್ಕಿ ಅಲ್ಲ, ನನ್ನ ಕೈ" ಎಂದು ಅಮ್ಮ ಎಷ್ಟು ಸಲ ಹೇಳಿದ್ದಾಳೋ. ಅಪ್ಪನ ಬಳಿ ಹಟಹಿಡಿದು ಕರೆಂಟಿನ ಗ್ರೈಂಡರ್ ತರಿಸಿದಳು. ಕ್ಯಾಂಟೀನಿನಿಂದ ದೂರ ಬೇರೆ ಮನೆ ಮಾಡಿಸಿದಳು. ಮತ್ತೆ ನನ್ನನ್ನು ಅಡಿಗೆಮನೆಯೊಳಗೆ ಬಿಡಲೇ ಇಲ್ಲ. ತೆಂಗಿನಕಾಯಿ ತುರಿಯಲು ಕೂತರೆ ಎಬ್ಬಿಸುತ್ತಿದ್ದಳು. "ನಿನ್ನ ಕೈ ಪೆನ್ನಿಗೆ. ಹೋಗಿ ಓದು." ನಾನು ಎಂ.ಎಸ್ಸಿ. ಮಾಡಿದ್ದರ ಹಿಂದೆ ಆ ಕಲ್ಲು ಇದೆ.

ಇನ್ನೊಂದು ಮಾತು. ಆ ಕಲ್ಲಿನ ಮುಂದೆ ಅಮ್ಮನಿಗಿಂತ ಎಷ್ಟೋ ವರ್ಷ ಹೆಚ್ಚು ಕೂತ ಅಜ್ಜಿಯ ಬೆರಳುಗಳು ಎಂಬತ್ತು ದಾಟಿದರೂ ನುಗ್ಗೆಕಾಯಿಯಂತೆ ನೆಟ್ಟಗಿವೆ. ಅಮ್ಮನ ಮನೆಯಿರುವ ಚಾಳಿನ, ಎಂದರೆ ವಠಾರದ, ಮರಾಠಿ ಹುಡುಗಿಯರು ಬಾಟಲಿ ಹಿಡಿದುಕೊಂಡು "ಆಜಿ, ಉಘಡೂನ್ ದ್ಯಾ ನಾ" ಎಂದು ಬರುತ್ತಾರೆ. ಅಜ್ಜಿ ಒಂದೇ ತಿರುವಿಗೆ ತೆಗೆದುಕೊಡುತ್ತಾಳೆ. ಅಮ್ಮ ಮಾತ್ರ ಬಾಟಲಿಯ ಮುಚ್ಚಳವನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸುತ್ತಾಳೆ. ಅಜ್ಜಿಯ ಹತ್ತಿರ ಅವಳು ಒಂದು ಬಾಟಲಿಯನ್ನೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಈ ಎರಡು ಜೊತೆ ಕೈಗಳನ್ನು ನಾನು ದಿನಾ ನೋಡಿಯೂ ಸಂಶಯಪಟ್ಟಿರಲಿಲ್ಲ. ಮನೆಯವರ ಮಾತನ್ನು ಯಾರು ಪರೀಕ್ಷೆ ಮಾಡುತ್ತಾರೆ.

ನನ್ನ ಬೆರಳು ಅಮ್ಮನ ಕಣ್ಣಿಗೆ ಬಿದ್ದ ದಿನ ಅವಳು ಕೈಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಎಂತ ಸುಜಾ? ಯಾರು ಕಡೆಸಿದ್ದು ನಿನ್ನ ಹತ್ರ? ರಘುವಿನ ಅಮ್ಮ ಊರಿಂದ ಬಂದಿದ್ರಾ?"

"ಅವರು ಬಂದು ವರ್ಷವಾಯ್ತು. ನಮ್ಮಲ್ಲಿ ಮಿಕ್ಸಿ ಉಂಟು ಅಮ್ಮಾ."

"ಹಾಗಾದ್ರೆ ಆ ಲ್ಯಾಬಿನ ಆಸಿಡ್. ಬಿಡು ಅದನ್ನು. ಬೇರೆ ಎಲ್ಲಿಯಾದ್ರೂ ಪಾಠ ಹೇಳು."

ಕಿಟಕಿಯ ಬಳಿಯಿಂದ ಅಜ್ಜಿ, ಯಾರಿಗೂ ಅಲ್ಲ ಎಂಬಂತೆ, "ಕಲ್ಲು ತಾಗದೆಯೂ ಬಂತಲ್ಲ" ಎಂದಳು.

ಅಮ್ಮ ನನ್ನ ಕೈ ಬಿಟ್ಟಳು. ಅಜ್ಜಿ ಕಲ್ಲಿನ ಮಾತೆತ್ತಿದರೆ ನಾಲ್ಕು ಹೇಳುವವಳು ಒಳಗೆ ಹೋಗಿ ಪಾತ್ರೆ ತೊಳೆದಳು. ಪಾತ್ರೆ ಮೊದಲೇ ತೊಳೆದಿತ್ತು. ನನಗೆ ಅಲ್ಲಿ ಮೊದಲ ಬಾರಿ ಅಮ್ಮನ ಮೇಲೆ ಸಂಶಯ ಬಂತು.

ಲ್ಯಾಬಿನಲ್ಲಿ ಜೋಶಿ ಮೇಡಂ, ನನ್ನ ಮೇಲಧಿಕಾರಿ, "ಡಾಕ್ಯುಮೆಂಟೇಶನ್ ಮೇ ಆ ಜಾ, ಏಸಿ ಮೇ ಬೈಠ್ ಕೇ ಕಾಮ್" ಎಂದು ಕೂತು ದಾಖಲೆ ಬರೆಯುವ ಕೆಲಸಕ್ಕೆ ಕರೆದರು. ಕರುಣೆಯೋ, ಬೆಂಚು ಖಾಲಿಮಾಡಿಸುವ ಉಪಾಯವೋ ತಿಳಿಯಲಿಲ್ಲ. ಸ್ವಲ್ಪ ಸಮಯ ಕೊಡಿ ಎಂದೆ. ಅವರೇ ನವಿ ಮುಂಬಯಿಯ ಒಂದು ಟ್ರಸ್ಟ್ ಆಸ್ಪತ್ರೆಯ ಡಾಕ್ಟರ್ ಒಬ್ಬರ ಹೆಸರು ಬರೆದುಕೊಟ್ಟರು. ಅದು ಕರುಣೆಯೇ ಎಂದು ಈಗ ಗೊತ್ತಿದೆ.

ಆ ಡಾಕ್ಟರ್ ಧಾರವಾಡದ ಕಡೆಯವರು, ಅರವತ್ತರ ಹತ್ತಿರದ ಹೆಂಗಸು. ನನ್ನ ಹೆಸರು ನೋಡಿಯೇ ಕನ್ನಡದಲ್ಲಿ ಮಾತು ಶುರುಮಾಡಿದರು. ರಿಪೋರ್ಟು ಕೇಳಲಿಲ್ಲ. ಮೊದಲು ತಮ್ಮ ಅಂಗೈಗಳನ್ನು ಉಜ್ಜಿ ಬಿಸಿಮಾಡಿಕೊಂಡು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಅಷ್ಟು ದಿನದಲ್ಲಿ ನನ್ನ ಕೈಯನ್ನು ಮುಟ್ಟಿ ನೋಡಿದ ಮೊದಲ ಡಾಕ್ಟರ್ ಅವರು. ಆಮೇಲೆ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು.

"ಇಲ್ಲಿ ನೋಡ್ರಿ. ಮೂಳಿ ನಡುವ ತಗ್ಗ ಬಿದ್ದು ಎರಡೂ ಕಡೆ ಮ್ಯಾಲ ಎದ್ದದ. ಹಕ್ಕಿ ರೆಕ್ಕಿ ಬಿಚ್ಚಿಧಂಗ ಕಾಣ್ತದಲ್ಲ? ಸಂಧಿವಾತ ಹಿಂಗ ತಿನ್ನೂದಿಲ್ಲ, ಅದು ಅಂಚಿನಿಂದ ತಿಂತದ. ಇದು ಸವೆತದ ಜಾತಿ, ಅದರಾಗ ಭಾಳ ಸಿಟ್ಟಿನ ಜಾತಿ. ಆದ್ರ ನಿಮ್ಮ ವಯಸ್ಸಿಗೆ ಇದು ಬರೂದು ಕಡಿಮಿ. ಅದಕ್ಕ ನನಗೂ ಅನುಮಾನ ಅದ."

ತನಗೆ ಅನುಮಾನವಿದೆ ಎಂದ ಮೊದಲ ಡಾಕ್ಟರ್ ಕೂಡ ಅವರೇ. ಅದರಿಂದಲೇ ಅವರ ಮೇಲೆ ನನಗೆ ನಂಬಿಕೆ ಹುಟ್ಟಿತು.

"ನಿಮ್ಮ ತಾಯಿ ಕೈ ಹ್ಯಾಂಗ ಅವ?"

ಕಲ್ಲಿನ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಮತ್ತ ತಾಯಿಯ ತಾಯೀದು?"

"ಚೆನ್ನಾಗಿತ್ತು ಎನ್ನುತ್ತಾರೆ ಅಮ್ಮ."

"ನಿಮ್ಮ ತಾಯೀನ್ನ ಕರಕೊಂಡು ಬರ್ರಿ. ಅವರ ಕೈದೂ ಫೋಟೋ ತಗೀಬೇಕು. ತಾಯಿ, ತಾಯಿಯ ತಾಯಿ, ಇಬ್ಬರಿಗೂ ಇದೇ ಇತ್ತು ಅಂದ್ರ ನಾ ಗಟ್ಟಿಯಾಗಿ ಹೇಳಬಹುದು, ಆ ಹಳದಿ ಗುಳಿಗಿ ನಿಲ್ಲಿಸಬಹುದು. ಇಲ್ಲಂದ್ರ ಇನ್ನೊಂದು ಆರು ತಿಂಗಳು ಅದನ್ನ ನುಂಗಿ, ಮತ್ತ ಫೋಟೋ ತಗದು ನೋಡೂದು. ಗುಳಿಗಿ ನೀವಾಗೇ ಬಿಡಬ್ಯಾಡ್ರಿ ಮತ್ತ."

ಆರು ತಿಂಗಳು, ಅದರ ಮೇಲೆ ನಿಲ್ಲಿಸಿದ ನಂತರದ ತಿಂಗಳುಗಳು. ಅವರಿಗೂ ನಾನು ಮಗುವಿನ ವಿಷಯ ಹೇಳಲಿಲ್ಲ.

ಅಮ್ಮ ಬರಲು ಒಪ್ಪಲಿಲ್ಲ.

"ನನ್ನ ಕೈ ನೋಡ್ಲಿಕ್ಕೆ ಎಂತ ಉಂಟು? ಇದು ಕಲ್ಲಿಂದ ಆದದ್ದು. ನಿಂದು ಬೇರೆ."

"ಒಂದು ಫೋಟೋ ಅಷ್ಟೇ ಅಮ್ಮಾ."

"ಫೋಟೋ ತೆಗೆದು ಇದು ಕಾಯಿಲೆ ಅಂತ ಬರೆದುಕೊಡ್ತಾರೆ. ಕಲ್ಲಿನ ಎದುರು ಕೂರಿಸಿದವರು ನೆಮ್ಮದಿಯಾಗಿ ಚಾ ಕುಡೀಲಿ."

"ಊರಜ್ಜಿಯ ಕೈ ಹೇಗಿತ್ತು?" ಅಮ್ಮನ ಅಮ್ಮನನ್ನು ನಾವು ಮಕ್ಕಳು ಹಾಗೆಯೇ ಕರೆಯುತ್ತಿದ್ದೆವು. ಉಡುಪಿಯ ಹತ್ತಿರದ ಊರಲ್ಲಿದ್ದಳು, ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಹೋದಳು.

"ಬೆಣ್ಣೆಯ ಹಾಗೆ ಇತ್ತು. ಸಾಕಾ?"

ಆ ದಿನ ಮನೆಗೆ ಬಂದು ಬಿಸಿ ಚಹಾದ ಸ್ಟೀಲಿನ ಲೋಟ ಎತ್ತಿದಾಗ ನನ್ನ ಕೈಯನ್ನೇ ನೋಡುತ್ತಾ ಕೂತೆ. ಬೆರಳು ಬಗ್ಗದ ಕಾರಣ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದೆ. ಅಮ್ಮನೂ ಹೀಗೆಯೇ ಹಿಡಿಯುತ್ತಾಳೆ. ಹೀಗೆ ಹಿಡಿಯುವ ಇನ್ನೊಬ್ಬರನ್ನೂ ನಾನು ಕಂಡಿದ್ದೆ. ರಜೆಗೆ ಊರಿಗೆ ಹೋದಾಗ, ಜಗಲಿಯ ಮೇಲೆ, ಸೆರಗಿನ ಒಳಗಿನಿಂದಲೇ ಎರಡು ಅಂಗೈ ಒತ್ತಿ ಕಾಫಿ ಕುಡಿಯುತ್ತಿದ್ದ ಊರಜ್ಜಿ. ಮರುದಿನ ಅಮ್ಮನಿಗೆ ಅದನ್ನೇ ಕೇಳಿದೆ.

"ಬಿಸಿ ಇರ್ತಿತ್ತು, ಹಾಗೆ ಹಿಡೀತಿದ್ರು," ಎಂದಳು ಅಮ್ಮ, ಥಟ್ಟನೆ.

ಬಿಸಿ ಲೋಟವನ್ನು ಯಾರೂ ಅಂಗೈಯಲ್ಲಿ ಒತ್ತಿ ಹಿಡಿಯುವುದಿಲ್ಲ. ಅಂಚನ್ನು ಬೆರಳ ತುದಿಯಲ್ಲಿ ಹಿಡಿಯುತ್ತಾರೆ, ಬೆರಳ ತುದಿ ಕೆಲಸ ಮಾಡುವವರು. ಅಮ್ಮನಿಗೆ ಅಷ್ಟು ಬೇಗ ಸಿಕ್ಕಿದ ಉತ್ತರ ಮೊದಲೇ ಮಾಡಿಟ್ಟದ್ದು ಎಂದು ನನಗೆ ಅನಿಸಿತು.

ಅಮ್ಮ ತರಕಾರಿಗೆ ಹೋಗಿದ್ದ ಹೊತ್ತು ನೋಡಿ ಅಜ್ಜಿಯ ಬಳಿ ಕೂತೆ. ಕೇಳಲು ನಾಚಿಕೆಯಾಯಿತು. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರನ್ನು ವಿಚಾರಿಸುವುದು ನನಗೆ ಹೇಸಿಗೆಯ ಕೆಲಸ. ಆದರೂ ಊರಜ್ಜಿಯ ಕೈ ಹೇಗಿತ್ತು ಎಂದು ಕೇಳಿದೆ.

ಅಮ್ಮ ಬರುತ್ತಿದ್ದಾಳೋ ಎಂದು ಅಜ್ಜಿ ಕಿಟಕಿಯ ಹೊರಗೆ ನೋಡಿದಳು.

"ನಿನ್ನ ಅಮ್ಮನ ಮದುವೆಯಲ್ಲಿ ಧಾರೆಯ ಗಿಂಡಿ ಯಾರು ಹಿಡಿದದ್ದು ಅಂತ ಅವಳ ಹತ್ರವೇ ಕೇಳು ಮಗಾ."

ನಮ್ಮ ಕಡೆಯ ಮದುವೆಯಲ್ಲಿ ಹುಡುಗ ಹುಡುಗಿಯ ಕೈಗಳನ್ನು ಒಂದರ ಮೇಲೊಂದು ಇಟ್ಟು, ಹುಡುಗಿಯ ಅಪ್ಪ ಅಮ್ಮ ಗಿಂಡಿಯಿಂದ ನೀರು ಎರೆಯುತ್ತಾರೆ. ಸಪೂರ ಮೂತಿಯ ಆ ಹಿತ್ತಾಳೆ ಪಾತ್ರೆಯ ಕುತ್ತಿಗೆಯನ್ನು ಬೆರಳು ಸುತ್ತಿ ಹಿಡಿಯಬೇಕು. ಅಷ್ಟು ಹೊತ್ತು ಚಪ್ಪರದ ಎಲ್ಲರ ಕಣ್ಣು ಆ ಕೈಯ ಮೇಲೆ.

"ಯಾರು ಹಿಡಿದದ್ದು ಅಜ್ಜೀ?"

"ಅವಳ ಅಮ್ಮ ಅಲ್ಲ. ಸೆರಗಿನ ಒಳಗಿಂದ ಕೈ ತೆಗೀಲೇ ಇಲ್ಲ ಅವರು. ಮೈಗೆ ಸರಿ ಇಲ್ಲ ಅಂತ ಹೇಳಿ ತಮ್ಮನ ಹೆಂಡತಿಯ ಹತ್ರ ಹಿಡಿಸಿದ್ರು. ನಾನು ಎದುರೇ ನಿಂತವಳು. ನಂಗೆ ಕಣ್ಣು ಉಂಟಲ್ಲ."

"ಮತ್ತೆ ಇಷ್ಟು ವರ್ಷ ಅಮ್ಮ ತಪ್ಪೆಲ್ಲ ನಿಮ್ಮ ಮೇಲೆ ಹಾಕುವಾಗ ಯಾಕೆ ಹೇಳ್ಲಿಲ್ಲ?"

"ಬಂದ ಹೆಣ್ಣಿಗೆ ತವರಿನ ಹೆಸರು ಹಿಡಿದು ಹೇಳುದಾ? ಮೊದಲು ಹಾಗೆ ಬಿಟ್ಟೆ. ಆಮೇಲೆ ಹೇಳಿದ್ರೆ ಯಾರು ನಂಬ್ತಾರೆ? ನಿನ್ನ ಅಪ್ಪನೇ ನಂಬ್ತಿರ್ಲಿಲ್ಲ." ಅಜ್ಜಿ ತನ್ನ ನೆಟ್ಟಗಿನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. "ಕಡೆಸಿದ್ದು ಹೌದು. ತುಂಬ ಕಡೆಸಿದ್ದೇನೆ. ಅದು ಸುಳ್ಳಲ್ಲ."

ಸಂಜೆ ಅಮ್ಮನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ರಘು ಇನ್ನೂ ಬ್ಯಾಂಕಿನಿಂದ ಬಂದಿರಲಿಲ್ಲ. ಗಿಂಡಿಯ ವಿಷಯವನ್ನು ನೇರವಾಗಿ ಕೇಳಿದರೆ ಅವಳು ಎದ್ದು ಹೋಗುತ್ತಾಳೆ ಎಂದು ಗೊತ್ತಿತ್ತು. ನಾನೂ ಮುಚ್ಚಿಟ್ಟುಕೊಂಡವಳೇ. ಅವಳ ಒಂದು ಮಾತು ನನಗೆ ಎಷ್ಟರದ್ದು ಎಂದು ತಿಳಿಯದೆಯೇ ಅವಳು ಇಲ್ಲ ಎನ್ನುತ್ತಿದ್ದಾಳೆ ಎಂದು ಆಗ ಹೊಳೆಯಿತು.

"ಅಮ್ಮಾ, ಆ ಹಳದಿ ಮಾತ್ರೆ ಇರುವವರೆಗೆ ನನಗೆ ಮಗು ಆಗುವ ಹಾಗಿಲ್ಲ," ಎಂದೆ.

ಅವಳು ಕತ್ತೆತ್ತಿದಳು. "ನೀವು ಬೇಡ ಅಂತ ಇದ್ದೀರಿ ಅಂತ ನಾನು…"

"ಬೇಕು ಅಂತಲೇ ಇದ್ದದ್ದು."

ಹೊರಗೆ ಯಾರೋ ಲಿಫ್ಟಿನ ಜಾಲರಿ ಎಳೆದು ಮುಚ್ಚಿದರು. ಅಮ್ಮ ಸೆರಗಿನ ಒಳಗಿದ್ದ ಕೈಯನ್ನು ತೆಗೆದು ಮಡಿಲ ಮೇಲಿಟ್ಟುಕೊಂಡಳು.

"ಮದುವೆಯ ಹಿಂದಿನ ದಿನ ನನ್ನ ಅಮ್ಮ ನನ್ನನ್ನು ಬಾವಿಯ ಹತ್ರ ಕರೆದುಕೊಂಡು ಹೋಗಿ ಹೇಳಿದ್ರು. ನನ್ನ ಕೈಯ ವಿಷಯ ಹೋದ ಮನೆಯಲ್ಲಿ ಯಾವತ್ತೂ ಬಾಯಿ ಬಿಡ್ಬಾರ್ದು ಅಂತ. ಇನ್ನೂ ಇಬ್ರು ತಂಗಿಯಂದಿರು ಇದ್ರು ನಂಗೆ. ಮನೆತನದಲ್ಲೇ ಉಂಟು ಅಂತ ಆದ್ರೆ ಯಾರು ಬರ್ತಾರೆ?" ಗಂಟಾದ ಗೆಣ್ಣೊಂದನ್ನು ಸವರಿದಳು. "ನಂಗೆ ಗಂಟು ಬಂದಾಗ ಎಲ್ರೂ ಕೇಳಿದ್ರು. ಕಲ್ಲಿಂದ ಅಂತ ಹೇಳಿದೆ. ಬಾಯಿಗೆ ಬಂದದ್ದು ಅದು."

"ಸುಳ್ಳು ಅಂತ ಗೊತ್ತಿತ್ತಾ?"

"ಮೊದಲು ಗೊತ್ತಿತ್ತು. ಹೇಳಿ ಹೇಳಿ ನಂಗೇ ನಿಜ ಆಯ್ತು. ಇಲ್ಲದಿದ್ರೆ ನಿನ್ನನ್ನು ಯಾಕೆ ಅಡಿಗೆಮನೆಗೆ ಬಿಡದೆ ಸಾಕ್ತಿದ್ದೆ, ಹೇಳು. ಕಲ್ಲು ಮುಟ್ಟದಿದ್ರೆ ಬರುದಿಲ್ಲ ಅಂತ ಮಾಡಿದ್ದೆ. ನಿನ್ನ ಬೆರಳು ನೋಡಿದ ದಿನ ನಂಗೆ ನೆಲ ಹೋದ ಹಾಗೆ ಆಯ್ತು."

ಶನಿವಾರ ಆಸ್ಪತ್ರೆಗೆ ಹೋದೆವು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಕಂಬಿ ಹಿಡಿಯಲಾಗದೆ ಇಬ್ಬರೂ ಮೊಣಕೈಯನ್ನು ಕಂಬಿಗೆ ಒತ್ತಿ ಹತ್ತಿದೆವು. ಹಿಂದಿನಿಂದ ಬಂದ ಯಾರೋ ಗೊಣಗಿದರು.

ಡಾಕ್ಟರ್ ಅಮ್ಮನಿಗೆ, "ಬರ್ರಿ ಅಮ್ಮಾ, ಕೂಡ್ರಿ. ಕೈ ಮ್ಯಾಲ ಇಡ್ರಿ," ಎಂದರು. ಅಮ್ಮ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ಬಲಗೈ ಮೊದಲು, ಆಮೇಲೆ ಎಡಗೈ. ಡಾಕ್ಟರ್ ನನ್ನ ಕೈಯನ್ನೂ ತೆಗೆದು ಅದರ ಪಕ್ಕದಲ್ಲಿಟ್ಟರು. ಬಾಗಿದ ದಿಕ್ಕು ಕೂಡ ಒಂದೇ ಇತ್ತು.

"ನಿಮ್ಮ ತಾಯೀದೂ ಹಿಂಗ ಇತ್ತೇನ್ರಿ?"

ಅಮ್ಮ ನನ್ನನ್ನು ನೋಡಲಿಲ್ಲ. "ಇದಕ್ಕಿಂತ ಜಾಸ್ತಿ ಇತ್ತು."

ಅಮ್ಮನ ಎಕ್ಸ್‌ರೇಯಲ್ಲೂ ಅದೇ ಹಕ್ಕಿ, ಒಂದಲ್ಲ, ಸಾಲು. ಡಾಕ್ಟರ್ ಹಳದಿ ಮಾತ್ರೆಯ ಹೆಸರಿನ ಮೇಲೆ ಗೆರೆ ಎಳೆದರು. ಯಕೃತ್ತಿನ ಕೊನೆಯ ಪರೀಕ್ಷೆ, ಮಗು ಬೇಕೆಂದರೆ ಎಷ್ಟು ತಿಂಗಳು ಕಾಯಬೇಕು, ಎಲ್ಲವನ್ನೂ ಹೇಳಿದರು. ಈ ಕಾಯಿಲೆಯನ್ನು ತ‌ಡೆಯುವ ಔಷಧಿ ತಮ್ಮ ಬಳಿ ಇಲ್ಲ, ಅದಕ್ಕೆ ಸಿಟ್ಟು ಬಂದಾಗ ನೋವು ಇಳಿಸಬಹುದು, ಕೆಲವು ವರ್ಷ ಸುಟ್ಟು ತಾನೇ ತಣ್ಣಗಾಗುತ್ತದೆ, ಬೆರಳು ನೆಟ್ಟಗಾಗುವುದಿಲ್ಲ ಎಂದೂ ಮುಚ್ಚಿಡದೆ ಹೇಳಿದರು. ಅಮ್ಮ ಎದ್ದವಳು ಬಾಗಿಲಲ್ಲಿ ನಿಂತಳು.

"ಡಾಕ್ಟ್ರೇ, ಕಲ್ಲಿನಿಂದ ಏನೂ ಆಗ್ಲಿಲ್ವಾ ಹಾಗಾದ್ರೆ?"

"ಕಲ್ಲು ಬ್ಯಾನಿ ಹೆಚ್ಚು ಮಾಡಿರಬಹುದ್ರಿ. ತಂದದ್ದು ಕಲ್ಲಲ್ಲ."

ವಾಪಸ್ಸು ಬರುವಾಗ ಗಾಡಿಯಲ್ಲಿ ಅಮ್ಮ ಹೇಳಿದಳು, "ಹೆಚ್ಚು ಮಾಡಿರಬಹುದು ಅಂತ ಹೇಳಿದ್ರಲ್ಲ."

"ಹೇಳಿದ್ರು ಅಮ್ಮಾ."

"ಅಷ್ಟಾದ್ರೂ ಉಂಟು."

ಇದನ್ನು ಬರೆಯುವಾಗ ಕೆಲವು ವರ್ಷ ಕಳೆದಿವೆ. ನನ್ನ ಎರಡು ಬೆರಳು ತಣ್ಣಗಾಗಿವೆ, ಸೊಟ್ಟಗೂ ಆಗಿವೆ. ಇನ್ನೆರಡು ಉರಿಯುತ್ತಿವೆ. ದಪ್ಪ ಪೆನ್ನು, ಕೀಲಿಕೈಗೆ ಸುತ್ತಿದ ರಬ್ಬರು, ಹಾಲಿನ ಪ್ಯಾಕೆಟ್ಟಿಗೆ ಕತ್ತರಿ, ಬೆಳಿಗ್ಗೆ ಎದ್ದ ಕೂಡಲೆ ಬಿಸಿನೀರಿನ ಬೋಗುಣಿ. ಲ್ಯಾಬಿನಲ್ಲಿ ಬ್ಯುರೆಟ್ಟಿನ ತಿರುಪಿಗೆ ಉದ್ದದ ಹಿಡಿ ಹಾಕಿಸಿಕೊಂಡೆ, ಎಡಗೈ ಅಭ್ಯಾಸ ಮಾಡಿದೆ, ಬೆಂಚಿನಲ್ಲೇ ಉಳಿದೆ. ಹಳದಿ ಮಾತ್ರೆ ಕೆಟ್ಟದ್ದು ಎಂದು ಯಾರೂ ಓದಿಕೊಳ್ಳಬಾರದು. ಅದು ಬೇಕಾದವರ ಕೈಯನ್ನು ಅದೇ ಉಳಿಸುತ್ತದೆ. ನನಗೆ ಬೇಕಿರಲಿಲ್ಲ, ಅಷ್ಟೇ. ಉಳಿದದ್ದು, ನಾವು ಕಾದ ತಿಂಗಳುಗಳ ನಂತರದ್ದು, ನನ್ನದೂ ರಘುವಿನದೂ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಗೆ ಹೋಗಿಬಂದ ಮರುದಿನ ಭಾನುವಾರ, ಮಾತ್ರೆಯ ದಿನ. ಬೆಳಿಗ್ಗೆ ಎದ್ದು ಉಳಿದ ಮಾತ್ರೆಗಳನ್ನು ಒಂದು ಲಕೋಟೆಗೆ ಹಾಕಿ ಬ್ಯಾಗಿನಲ್ಲಿಟ್ಟೆ, ಲ್ಯಾಬಿನ ಸುಡುವ ಕಸಕ್ಕೆ ಹಾಕಲು. ಅಂಥದ್ದನ್ನು ಮನೆಯ ಕಸದ ಬುಟ್ಟಿಗೆ ಹಾಕಬಾರದು. ಆಮೇಲೆ ಅಮ್ಮನ ಮನೆಗೆ ಹೋದೆ. ಗಂಜಿಯ ಹೊತ್ತು. ಅಜ್ಜಿ ಕಿಟಕಿಯ ಬಳಿ ಕೂತಿದ್ದಳು. ಅಮ್ಮ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ತಿರುಗಿಸುತ್ತಿದ್ದಳು. ಮುಚ್ಚಳ ಅಲುಗಲಿಲ್ಲ. ನನ್ನನ್ನು ಕಂಡು ನಿಲ್ಲಿಸಿದಳು. ಬಾಟಲಿಯನ್ನು ಸಂದಿಯಿಂದ ಹೊರತೆಗೆದು ನನ್ನ ಕಡೆ ಚಾಚಿದಳು. ನನ್ನಿಂದಲೂ ಆಗದು ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಕಿಟಕಿಯ ಕಡೆಗೆ ಗಲ್ಲ ಎತ್ತಿ ತೋರಿಸಿದಳು.

ನಾನು ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಒಯ್ದು ಅಜ್ಜಿಯ ಮಡಿಲಲ್ಲಿಟ್ಟೆ.

"ಯಾರು ಕೊಟ್ಟದ್ದು?" ಎಂದಳು ಅಜ್ಜಿ.

"ಅಮ್ಮ."

ಅಜ್ಜಿ ಸೆರಗಿನಿಂದ ಬಾಟಲಿಯನ್ನು ಒರೆಸಿ, ಒಂದೇ ತಿರುವಿಗೆ ತೆಗೆದಳು. ನಾನು ಅದನ್ನು ಅಡಿಗೆಮನೆಗೆ ವಾಪಸ್ಸು ಒಯ್ಯಲಿಲ್ಲ. ಅಲ್ಲೇ, ಕಿಟಕಿಯ ಕೆಳಗೆ, ನೆಲದ ಮೇಲೆ ಮೂರು ಬಟ್ಟಲು ತಂದಿಟ್ಟೆ.